ಎಂಟು ಗೆರೆ

ಬಸವರಾಜೇಶ್ವರಿ ಹತ್ತನೇ ತರಗತಿಯಲ್ಲಿ ಗಣಿತವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಪಾಸಾಗಿದ್ದಳು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಹೊಳಲೂರಿನ ಶಾಲೆಯಲ್ಲಿ ಅವಳನ್ನು ಹಣ್ಣುಗಾಯಿ ಮಾಡಿದ್ದು ತ್ರೈರಾಶಿ. ಆರು ಜನ ಹತ್ತು ದಿನದಲ್ಲಿ ಕಟ್ಟುವ ಗೋಡೆಯನ್ನು ಮೂರು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ ಎಂದು ಮೇಷ್ಟ್ರು ಕೇಳಿದಾಗ ಅವಳು ಎದ್ದು ನಿಂತು "ಐದು ದಿನ" ಎಂದಿದ್ದಳು. ಆರರ ಅರ್ಧ ಮೂರು, ಹತ್ತರ ಅರ್ಧ ಐದು.

"ಜನ ಕಮ್ಮಿಯಾದಷ್ಟೂ ಕೆಲಸ ಬೇಗ ಆಗುತ್ತಾ? ಹಂಗಾದ್ರೆ ನಾನೊಬ್ನೇ ಬಂದು ನಿಮ್ಮನೆ ಗೋಡೆ ಸಂಜೆಯೊಳಗೆ ಎಬ್ಬಿಸಿ ಹೋಗ್ತೀನಿ ಬಿಡು," ಎಂದಿದ್ದರು ಮೇಷ್ಟ್ರು. ತರಗತಿಯೆಲ್ಲ ನಕ್ಕಿತು. ಆ ಮೇಲೆ ಯಾವುದು ಹೆಚ್ಚಿದರೆ ಯಾವುದು ಹೆಚ್ಚುತ್ತದೆ, ಯಾವುದು ಹೆಚ್ಚಿದರೆ ಯಾವುದು ತಗ್ಗುತ್ತದೆ ಎಂದು ಕೇಳುವ ಧೈರ್ಯವೇ ಅವಳಿಗೆ ಉಳಿಯಲಿಲ್ಲ. ಲೆಕ್ಕ ಎಂದರೆ ಯಾರೋ ಹೇಳಿದ ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಎಂದು ತೀರ್ಮಾನಿಸಿಬಿಟ್ಟಳು.

ಮದುವೆಯಾಗಿ ಭದ್ರಾವತಿಗೆ ಬಂದಳು. ಗಂಡ ಜಯಪ್ಪ ಲಗೇಜ್ ಆಟೋ ಓಡಿಸುತ್ತಿದ್ದ. ಮನೆ ಕಾಗದನಗರದಲ್ಲಿ, ಅವನ ತಂದೆ ಕಾಗದದ ಕಾರ್ಖಾನೆಯಲ್ಲಿದ್ದಾಗ ಸಿಕ್ಕಿದ್ದ ಕ್ವಾರ್ಟರ್ಸು. ಕಾರ್ಖಾನೆ ನಿಂತ ಮೇಲೆ ಆ ಬೀದಿಯಲ್ಲಿ ದೀಪ ಉರಿಯುವ ಮನೆಗಳೇ ಕಡಿಮೆ. ಒಬ್ಬಳೇ ಮಗಳು ಭೂಮಿಕಾ. ಮಗಳನ್ನು ನ್ಯೂ ಟೌನಿನ ಸರ್ಕಾರಿ ಶಾಲೆಗೆ ಸೇರಿಸಿದ ವರ್ಷವೇ ಬಸವರಾಜೇಶ್ವರಿಗೂ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಮುಖ್ಯ ಅಡುಗೆಯವಳು ಲಿಂಗಮ್ಮ. ಇವಳು ಅವಳ ಕೈ ಕೆಳಗೆ. ಅಮ್ಮ ಒಲೆಯ ಮುಂದೆ, ಮಗಳು ತರಗತಿಯಲ್ಲಿ, ನಡುವೆ ಒಂದು ಅಂಗಳ. ಬದುಕು ಅಷ್ಟರ ಮಟ್ಟಿಗೆ ಚೆನ್ನಾಗಿತ್ತು.

ಭೂಮಿಕಾಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಅವಳು ಕೊಡಗಟ್ಟಲೆ ನೀರು ಕುಡಿಯತೊಡಗಿದಳು. ಸೆಕೆಗೆ ಎಂದುಕೊಂಡರು. ಹಾಸಿಗೆ ಒದ್ದೆಯಾಗತೊಡಗಿತು. ಹೆದರಿಕೊಂಡಿದ್ದಾಳೆ ಎಂದು ಅಜ್ಜಿಯೊಬ್ಬರು ತಾಯಿತ ಕಟ್ಟಿದರು. ಲಂಗದ ಲಾಡಿ ಎಷ್ಟು ಬಿಗಿದರೂ ನಿಲ್ಲದಷ್ಟು ಇಳಿದುಹೋದಳು. ಒಂದು ಬೆಳಿಗ್ಗೆ ಏದುಸಿರು ಬಿಡುತ್ತ, ಕರೆದರೆ ಓಗೊಡದೆ ಮಲಗಿಬಿಟ್ಟಾಗ ಜಯಪ್ಪ ಆಟೋದ ಹಿಂದೆ ಚಾಪೆ ಹಾಸಿ ಅಮ್ಮ ಮಗಳಿಬ್ಬರನ್ನೂ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು.

"ಇಷ್ಟು ಚಿಕ್ಕ ಮಗುಗಾ? ನಮ್ಮ ಕಡೆ ಯಾರಿಗೂ ಇಲ್ವಲ್ಲ," ಎಂದಳು ಬಸವರಾಜೇಶ್ವರಿ.

"ಇದು ದೊಡ್ಡೋರಿಗೆ ಬರೋ ಥರದ್ದಲ್ಲಮ್ಮ. ಮಗುವಿನ ಮೈಯಲ್ಲಿ ಇನ್ಸುಲಿನ್ ಹುಟ್ಟೋದೇ ನಿಂತಿದೆ. ಹೊರಗಿಂದ ಕೊಡ್ಬೇಕು. ದಿನಾ. ಬದುಕಿರೋ ತನಕ," ಎಂದರು ಸಿಸ್ಟರ್ ಶಾಮಲಾ. ಇಂಥ ಮಕ್ಕಳ ತಂದೆ ತಾಯಿಗೆ ಸೂಜಿ ಹಿಡಿಯುವುದನ್ನು ಕಲಿಸುವುದೇ ಅವರ ಕೆಲಸ. ನರೆಗೂದಲನ್ನು ಗಂಟು ಕಟ್ಟಿದ, ಮೆದು ಮಾತಿನ ಹೆಂಗಸು.

ಇನ್ಸುಲಿನ್ನಿನ ಸಾಂದ್ರತೆ ಎಂದರೇನು, ಒಂದು ಎಂ.ಎಲ್‌ನಲ್ಲಿ ಎಷ್ಟು ಯುನಿಟ್ ಇರುತ್ತದೆ, ಊಟಕ್ಕೂ ಔಷಧಿಗೂ ಏನು ಪ್ರಮಾಣ ಎಂದು ಶಾಮಲಾ ವಿವರಿಸಲು ಹೊರಟಾಗ ಬಸವರಾಜೇಶ್ವರಿಯ ಕಿವಿ ಗುಂಯ್‌ಗುಟ್ಟಿತು. ಹೊಳಲೂರಿನ ತರಗತಿಯ ನಗು ಮತ್ತೆ ಕೇಳಿಸಿದಂತಾಯಿತು.

"ಸಿಸ್ಟರ್, ಅದೆಲ್ಲ ನನ್ ತಲೆಗೆ ಹತ್ತಲ್ಲ. ಎಷ್ಟು ಎಳೀಬೇಕು ಅದೊಂದು ಹೇಳ್ಬಿಡಿ. ತಪ್ಪಿಸಲ್ಲ."

ವಾರ್ಡಿನಲ್ಲಿ ಇನ್ನೂ ನಾಲ್ಕು ತಾಯಂದಿರು ಕಾಯುತ್ತಿದ್ದರು. ಶಾಮಲಾ ಉಸಿರು ಬಿಟ್ಟು, ಕೆಂಪು ಮುಚ್ಚಳದ ಸಿರಿಂಜನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ತೋರಿಸಿದರು. "ಬೆಳಿಗ್ಗೆ ತಿಂಡಿಗೆ ಮುಂಚೆ ಇಲ್ಲೀ ತನಕ, ಎಂಟು. ರಾತ್ರಿ ಊಟಕ್ಕೆ ಮುಂಚೆ ಐದು. ತಿಂಡಿ ಊಟ ದಿನಾ ಒಂದೇ ಅಳತೆ. ಏನಾದ್ರೂ ಬದಲಾದ್ರೆ ನಂಗೆ ಫೋನ್ ಮಾಡಿ."

ಎಂಟು ಮತ್ತು ಐದು. ಬಸವರಾಜೇಶ್ವರಿ ಆ ಎರಡು ಅಂಕಿಗಳನ್ನು ಎದೆಗಪ್ಪಿಕೊಂಡು ಭದ್ರಾವತಿಗೆ ಮರಳಿದಳು. ಪೂಜೆ ತಪ್ಪಿದರೂ ಅವು ತಪ್ಪಲಿಲ್ಲ. ಬೆಳಿಗ್ಗೆ ಎರಡು ಇಡ್ಲಿ ಎಂದರೆ ಎರಡೇ. ಮೂರನೆಯದಕ್ಕೆ ಮಗು ಕೈ ಚಾಚಿದರೆ ತಟ್ಟೆಯನ್ನೇ ಎತ್ತಿಬಿಡುವಳು. ಶಾಲೆಯಲ್ಲಿ ಹುಟ್ಟುಹಬ್ಬದ ಚಾಕೊಲೇಟು ಹಂಚಿದಾಗ ಭೂಮಿಕಾ ಅದನ್ನು ತಂದು ಅಮ್ಮನ ಕೈಗೆ ಕೊಟ್ಟು ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಅಂಥ ಹೊತ್ತಿನಲ್ಲಿ ಬಸವರಾಜೇಶ್ವರಿ ಹೊಗೆಯ ನೆಪದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಆದರೂ ಮಗು ಮೈ ತುಂಬಿಕೊಂಡಿತು, ಮತ್ತೆ ಓಡತೊಡಗಿತು. ಎಂಟು ಗೆರೆ ತನ್ನ ಮಗಳನ್ನು ಕಾಯುತ್ತಿದೆ ಎಂದು ತಾಯಿ ನಂಬಿದಳು.

ಮಳೆಗಾಲದಲ್ಲಿ ಒಂದು ದಿನ ಬಾಟಲಿ ತಳ ಕಂಡಿತು. ಆಸ್ಪತ್ರೆಯಿಂದ ಸಿಗುವ ಹೊಸ ಬಾಟಲಿ ಇನ್ನೂ ವಾರ ತಡ ಎಂದು ಗೊತ್ತಾಗಿ ಜಯಪ್ಪ ಭದ್ರಾವತಿಯ ಅಂಗಡಿಗಳನ್ನು ಸುತ್ತಿದ. ಮೂರು ಕಡೆ ಇರಲಿಲ್ಲ. ನಾಲ್ಕನೆಯ ಕಡೆ ಒಂದು ಸಿಕ್ಕಿತು. ಹೆಸರು ಅದೇ, ಆದರೆ ಪೆಟ್ಟಿಗೆಯ ಬಣ್ಣ ಬೇರೆ. ಹಳೆಯದರ ಮೇಲೆ ನಲವತ್ತು ಎಂದಿತ್ತು, ಇದರ ಮೇಲೆ ನೂರು.

"ಇದೇನ್ರೀ, ನೂರು ಅಂತಿದೆ?"

"ಅಂಗಡಿಯವ್ನು ಅದೇ ಔಷಧಿ ಅಂದ ಮಾರಾಯ್ತಿ. ನೂರು ಅಂದ್ರೆ ಜಾಸ್ತಿ ಇರ್ಬೇಕು ಒಳಗೆ. ಜಾಸ್ತಿ ದಿನ ಬರುತ್ತೆ, ಒಳ್ಳೇದೇ ಆಯ್ತಲ್ಲ."

ಅವಳಿಗೂ ಹಾಗೇ ಅನ್ನಿಸಿತು. ನೂರು ಮಕ್ಕಳ ಅನ್ನದ ಪಾತ್ರೆ ನಲವತ್ತು ಮಕ್ಕಳದ್ದಕ್ಕಿಂತ ದೊಡ್ಡದು, ಅಷ್ಟೇ ತಾನೇ? ಮರುದಿನ ಬೆಳಿಗ್ಗೆ ಅದೇ ಕೆಂಪು ಮುಚ್ಚಳದ ಸಿರಿಂಜನ್ನು ಹೊಸ ಬಾಟಲಿಗೆ ಚುಚ್ಚಿ, ಕಣ್ಣು ಕಿರಿದು ಮಾಡಿ, ಎಂಟನೇ ಗೆರೆಯ ಮೇಲೆ ಕೂದಲೆಳೆಯಷ್ಟೂ ಹೆಚ್ಚಾಗದಂತೆ ಎಳೆದಳು.

ಹತ್ತೂವರೆಗೆ ಅಕ್ಕಿ ತೊಳೆಯುತ್ತಿದ್ದಾಗ ಇಬ್ಬರು ಹುಡುಗಿಯರು ಭೂಮಿಕಾಳನ್ನು ತೋಳು ಹಿಡಿದು ತಂದರು. ಮಗುವಿನ ಯೂನಿಫಾರ್ಮು ಬೆನ್ನಿಗೆ ಅಂಟುವಷ್ಟು ಬೆವರು. ತುಟಿ ಬಿಳುಚಿತ್ತು.

"ಅಮ್ಮ, ಬೋರ್ಡು ಎರಡೆರಡು ಕಾಣ್ತಿದೆ."

ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಏನು ಮಾಡಬೇಕೆಂದು ಶಾಮಲಾ ಹೇಳಿಕೊಟ್ಟಿದ್ದರು. ಬೆರಳು ಚುಚ್ಚಿ, ಸಕ್ಕರೆ ನೋಡುವ ಮೀಟರಿಗೆ ರಕ್ತ ಹಚ್ಚಿದಳು: ಐವತ್ತೆರಡು. ಲಿಂಗಮ್ಮ ಲೋಟದಲ್ಲಿ ಸಕ್ಕರೆ ಕಲಸಿ ತಂದಳು. ಮಗು ಗಟಗಟನೆ ಕುಡಿಯಿತು. ಕಾಲು ಗಂಟೆ ಬಿಟ್ಟು ನೋಡಿದರೆ ಎಪ್ಪತ್ತೊಂದು. ಎಲ್ಲರಿಗೂ ಜೀವ ಬಂದಂತಾಯಿತು. ಅಷ್ಟರಲ್ಲಿ ಸುದ್ದಿ ತಿಳಿದು ಜಯಪ್ಪನೂ ಬಂದ.

"ಏರಿತಲ್ಲ, ಆದ್ರೂ ಒಂದ್ಸಲ ತೋರಿಸ್ಕೊಂಡು ಬರಣ. ಶಿವಮೊಗ್ಗಕ್ಕೇ ಹೋಗಣ, ಅಲ್ಲಿ ಇವಳ ಡಾಕ್ಟ್ರು ಇದಾರೆ," ಎಂದ.

ಆಟೋ ಹೊರಟಿತು. ಭೂಮಿಕಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಮಳೆ ನಿಂತಿತ್ತು, ಗುಂಡಿಗಳಲ್ಲಿ ಕೆಂಪು ನೀರು. ಊರ ಅಂಚು ದಾಟುವಷ್ಟರಲ್ಲಿ ಮಗುವಿನ ಹಣೆ ಮತ್ತೆ ತಣ್ಣಗಾಯಿತು. ಬಸವರಾಜೇಶ್ವರಿ ಮತ್ತೆ ಬೆರಳು ಚುಚ್ಚಿದಳು. ಐವತ್ತೆಂಟು. ಶಾಲೆಯಿಂದ ತುಂಬಿ ತಂದಿದ್ದ ಸಕ್ಕರೆ ನೀರನ್ನು ಬಾಯಿಗಿಟ್ಟಳು. ಎರಡು ಗುಟುಕು ಇಳಿಯಿತು, ಮರುಕ್ಷಣ ಎಲ್ಲವೂ ವಾಂತಿಯಾಗಿ ಅವಳ ಸೀರೆಯ ಮೇಲೆ ಬಿತ್ತು.

ಹೊರಟಾಗ ಎಪ್ಪತ್ತೊಂದು. ಹತ್ತು ನಿಮಿಷಕ್ಕೆ ಐವತ್ತೆಂಟು. ಹತ್ತು ನಿಮಿಷದಲ್ಲಿ ಹದಿಮೂರು ಹೋಯಿತು. ಅವಳು ಲೆಕ್ಕ ಹಾಕಬೇಕೆಂದು ಹಾಕಲಿಲ್ಲ. ಲೆಕ್ಕವೇ ಬಂದು ಅವಳ ಕುತ್ತಿಗೆ ಹಿಡಿಯಿತು.

"ರೀ, ಇನ್ನೆಷ್ಟು ಹೊತ್ತಾಗುತ್ತೆ?"

"ನಲವತ್ತು ನಿಮಿಷ. ಮಾಚೇನಹಳ್ಳಿ ಹತ್ರ ಲಾರಿ ಸಿಕ್ಕಿದ್ರೆ ಇನ್ನೂ ಜಾಸ್ತಿ. ಯಾಕೆ?"

ನಲವತ್ತು ನಿಮಿಷ ಎಂದರೆ ನಾಲ್ಕು ಹತ್ತು. ನಾಲ್ಕು ಹದಿಮೂರಲಿ ಐವತ್ತೆರಡು. ಐವತ್ತೆಂಟರಲ್ಲಿ ಐವತ್ತೆರಡು ಹೋದರೆ ಆರು. ಆರು ಎಂಬ ಅಂಕಿಯನ್ನು ಆ ಮೀಟರಿನಲ್ಲಿ ಅವಳು ಎಂದೂ ಕಂಡಿರಲಿಲ್ಲ. ಯಾರೂ ಕಂಡಿರಲಿಕ್ಕಿಲ್ಲ. ಅಲ್ಲಿಗೆ ಮುಟ್ಟುವ ಮೊದಲೇ ಮಗು ಇರುವುದಿಲ್ಲ.

"ಹಿಂದಕ್ಕೆ ತಿರುಗಿಸ್ರೀ!"

"ಏನು?"

"ಭದ್ರಾವತಿ ಆಸ್ಪತ್ರೆಗೇ ಹೋಗಣ. ಹತ್ತು ನಿಮಿಷ. ತಿರುಗಿಸಿ!"

"ಹುಚ್ಚು ಹಿಡೀತಾ? ಇವಳ ಡಾಕ್ಟ್ರು ಇರೋದು ಅಲ್ಲಿ. ಇಲ್ಲಿ ಯಾರಿಗೆ ಗೊತ್ತು ಇವಳ ಕಾಯಿಲೆ?"

"ಅಲ್ಲಿಗೆ ಹೋಗೋ ಹೊತ್ತಿಗೆ ಉಳಿಯಲ್ಲ ರೀ! ಇಳೀತಾ ಇದೆ. ಹತ್ತು ನಿಮಿಷಕ್ಕೆ ಹದಿಮೂರು ಇಳೀತಾ ಇದೆ. ಹೊಟ್ಟೇಲಿ ಏನೂ ನಿಲ್ತಿಲ್ಲ. ಲೆಕ್ಕ ಹಾಕ್ರೀ ನೀವೇ, ಲೆಕ್ಕ ಹಾಕಿ!"

ಗಣಿತದಲ್ಲಿ ಫೇಲಾದ ಹೆಂಡತಿ ಲೆಕ್ಕ ಹಾಕು ಎಂದು ಕಿರುಚಿದ್ದನ್ನು ಜಯಪ್ಪ ಅದೇ ಮೊದಲು ಕೇಳಿದ್ದು. ಕನ್ನಡಿಯಲ್ಲಿ ಅವಳ ಮುಖ ನೋಡಿದ, ಎದುರು ಬರುತ್ತಿದ್ದ ಬಸ್ಸಿಗೂ ಕೈ ಅಡ್ಡ ಮಾಡಿ ಆಟೋ ತಿರುಗಿಸಿದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಭೂಮಿಕಾಗೆ ಸೆಳೆತ ಬಂತು. ಕಣ್ಣುಗುಡ್ಡೆ ಮೇಲೆ ಸರಿದು, ಹಲ್ಲು ಕಚ್ಚಿ, ಆ ಪುಟ್ಟ ಮೈ ಜಯಪ್ಪನ ತೋಳುಗಳಲ್ಲಿ ಬಿಲ್ಲಿನಂತೆ ಬಾಗಿತು. ಇನ್ನೂ ಮದುವೆಯಾಗದಂತೆ ಕಾಣುತ್ತಿದ್ದ ಡ್ಯೂಟಿ ಡಾಕ್ಟರು ಓಡಿ ಬಂದು, ನರ ಹುಡುಕಿ, ಗ್ಲೂಕೋಸ್ ಏರಿಸಿದರು. ಬಸವರಾಜೇಶ್ವರಿ ಗೋಡೆಗೆ ಹಣೆಯಿಟ್ಟು ನಿಂತಿದ್ದಳು. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ "ನೀರು" ಎಂಬ ಸಣ್ಣ ದನಿ ಕೇಳಿಸಿತು. ಅವಳು ಒಳಗೆ ಓಡಿದಳು.

ಸಕ್ಕರೆ ಏರುವುದು, ಮತ್ತೆ ಇಳಿಯುವುದು ನಿಲ್ಲಲಿಲ್ಲ. ಡ್ರಿಪ್ ಹಚ್ಚಿಕೊಂಡೇ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಸಂಜೆಯ ಹೊತ್ತಿಗೆ ಅಲ್ಲಿಯ ವಾರ್ಡಿನಲ್ಲಿ ಮಗು ಮಲಗಿತ್ತು. ಶಾಮಲಾ ಬಸವರಾಜೇಶ್ವರಿಯನ್ನು ಬಳಿ ಕೂರಿಸಿಕೊಂಡರು.

"ಇಷ್ಟು ಹೊತ್ತು ಇಳಿಯೋದು ಅಂದ್ರೆ ಔಷಧಿ ತುಂಬಾ ಹೋಗಿದೆ. ಬೆಳಿಗ್ಗೆ ಎಷ್ಟು ಹಾಕಿದ್ರಿ?"

"ಎಂಟು. ನೀವು ಹೇಳಿದಷ್ಟೇ. ದೇವರಾಣೆ ಒಂದು ಗೆರೆ ಹೆಚ್ಚಿಲ್ಲ ಸಿಸ್ಟರ್."

"ಬಾಟ್ಲಿ ತಂದಿದೀರಾ?"

ಚೀಲದಿಂದ ತೆಗೆದುಕೊಟ್ಟಳು. ಶಾಮಲಾ ಅದನ್ನು ತಿರುಗಿಸಿ ನೋಡಿದರು. ಆಮೇಲೆ ಸಿರಿಂಜನ್ನು ನೋಡಿದರು. ಅವರ ಮುಖ ಕಳೆಗುಂದಿತು.

"ಬಸವರಾಜೇಶ್ವರಿಯವ್ರೇ, ಶಾಲೇಲಿ ಸಾರಿಗೆ ಹುಣಸೆ ರಸ ಹಾಕ್ತೀರಲ್ಲ. ತೆಳ್ಳಗಿರೋ ರಸ ಆದ್ರೆ ಎಂಟು ಸೌಟು ಹಾಕ್ತೀರಿ ಅಂತಿಟ್ಕೊಳ್ಳಿ. ಒಂದಿನ ಯಾರೋ ಗಟ್ಟಿ ರಸ ಹಿಂಡಿಟ್ಟಿದಾರೆ. ಆಗ?"

"ಕಮ್ಮಿ ಹಾಕ್ತೀನಿ. ಎಂಟು ಹಾಕಿದ್ರೆ ಬಾಯಿಗಿಡಕ್ಕಾಗಲ್ಲ."

"ರಸ ಗಟ್ಟಿಯಾದಷ್ಟೂ ಸೌಟು ಕಮ್ಮಿ. ಇದೂ ಹಂಗೇ. ನಲವತ್ತು ಅಂದ್ರೆ ಇಡೀ ಬಾಟ್ಲಿಲಿ ನಲವತ್ತು ಅಲ್ಲ. ಒಂದೊಂದು ಎಂ.ಎಲ್‌ಗೆ ನಲವತ್ತು. ಇದು ಒಂದೊಂದು ಎಂ.ಎಲ್‌ಗೆ ನೂರು. ಈ ಕೆಂಪು ಮುಚ್ಚಳದ ಸಿರಿಂಜಿನ ಗೆರೆ ಎಳೆದಿರೋದು ನಲವತ್ತರ ಔಷಧಿಗೆ. ನೂರರದ್ದಕ್ಕೆ ಕಿತ್ತಳೆ ಮುಚ್ಚಳದ್ದೇ ಬೇರೆ ಬರುತ್ತೆ."

ಬಸವರಾಜೇಶ್ವರಿ ಬಾಟಲಿಯನ್ನೇ ದಿಟ್ಟಿಸಿದಳು. ನೂರರ ಪಕ್ಕದಲ್ಲಿ ಒಂದು ಓರೆ ಗೆರೆ, ಅದರಾಚೆ ಸಣ್ಣ ಅಕ್ಷರದಲ್ಲಿ ಎಂ.ಎಲ್. ಆ ಓರೆ ಗೆರೆಯನ್ನು ಅವಳು ನೋಡಿಯೇ ಇರಲಿಲ್ಲ. ನೋಡಿದ್ದರೂ ಅದು ಅಂಕಿಯಲ್ಲ ಎಂದು ಬಿಟ್ಟಿದ್ದಳು. ಇಷ್ಟು ವರ್ಷ ಅವಳಿಗೆ ಅರ್ಥವಾಗದೆ ಉಳಿದದ್ದು ಅದೇ: ಒಂಟಿ ಅಂಕಿ ಏನನ್ನೂ ಹೇಳುವುದಿಲ್ಲ, ಯಾವುದಕ್ಕೆ ಎಷ್ಟು ಎನ್ನುವುದರಲ್ಲಿ ಎಲ್ಲ ಇದೆ. ನಲವತ್ತರ ಜಾಗದಲ್ಲಿ ನೂರು. ಎರಡೂವರೆ ಪಟ್ಟು. ಎಂಟರ ಎರಡೂವರೆ ಪಟ್ಟು.

"ಇಪ್ಪತ್ತು," ಎಂದಳು. ದನಿ ಅವಳದ್ದೇ ಎನ್ನಿಸಲಿಲ್ಲ. "ಸಿಸ್ಟರ್, ನಾನು ಇಪ್ಪತ್ತು ಹಾಕಿದೀನಿ ನನ್ ಮಗಳಿಗೆ."

ಶಾಮಲಾ ಅವಳ ಕೈ ಹಿಡಿದುಕೊಂಡರು. "ಅವತ್ತು ನಾನು ಇದನ್ನ ಬಿಡಿಸಿ ಹೇಳ್ದೇನೇ ಕಳಿಸ್ಬಾರದಿತ್ತು," ಎಂದರು. ಬಸವರಾಜೇಶ್ವರಿ ಕೈ ಬಿಡಿಸಿಕೊಂಡು ಎದ್ದು ಹೋದಳು. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ನಲ್ಲಿ ಬಿಟ್ಟು, ಸೀರೆಯ ಮೇಲೆ ಒಣಗಿದ್ದ ವಾಂತಿಯನ್ನು ಉಜ್ಜತೊಡಗಿದಳು. ಕಲೆ ಹೋದ ಮೇಲೂ ಉಜ್ಜುತ್ತಲೇ ಇದ್ದಳು. ಜಯಪ್ಪ ಹುಡುಕಿಕೊಂಡು ಬಂದ. ವಿಷಯ ತಿಳಿದಾಗ ಅವನ ಬಾಯಿಂದ ಮೊದಲು ಬಂದದ್ದು, "ಲೆಕ್ಕ ಬರ್ದೇ ಇರೋಳ ಕೈಗೆ ಮಗು ಜೀವ ಕೊಟ್ಟು ಕೂತಿದ್ನಲ್ಲ ನಾನು!" ಎಂಬ ಮಾತು. ಸ್ವಲ್ಪ ಹೊತ್ತಿಗೆ ಅವನೇ ಕಲ್ಲಿನ ಮೇಲೆ ಕೂತು ಬಿಕ್ಕಿದ. "ಬಾಟ್ಲಿ ತಂದೋನು ನಾನು. ಜಾಸ್ತಿ ದಿನ ಬರುತ್ತೆ ಅಂದೋನೂ ನಾನೇ."

ಮಗು ಬದುಕಿತು. ಮನೆಗೆ ಬಂದ ಮೊದಲ ಬೆಳಿಗ್ಗೆ ಬಸವರಾಜೇಶ್ವರಿ ನಲವತ್ತರ ಬಾಟಲಿ, ಕೆಂಪು ಮುಚ್ಚಳದ ಸಿರಿಂಜು, ಎರಡನ್ನೂ ಮೂರು ಮೂರು ಸಲ ನೋಡಿಕೊಂಡು ಹತ್ತಿರ ಹೋದಾಗ ಭೂಮಿಕಾ ಗೋಡೆಗೆ ಒತ್ತಿಕೊಂಡಳು.

"ಅಮ್ಮ ಬೇಡ. ಅಪ್ಪಾಜಿ ಹಾಕ್ಲಿ."

ಜಯಪ್ಪ ಸಿರಿಂಜು ಹಿಡಿದ. ನೂರಾರು ಮೂಟೆ ಎತ್ತಿಳಿಸುವ ಕೈಗೆ ಆ ಸಣ್ಣ ಗೆರೆಗಳು ಒಗ್ಗಲಿಲ್ಲ. ಎಳೆದದ್ದು ಆರೋ ಎಂಟೋ ಅವನಿಗೇ ತಿಳಿಯಲಿಲ್ಲ. ಕೊನೆಗೆ ಬಸವರಾಜೇಶ್ವರಿ ಅವನ ಬೆನ್ನ ಹಿಂದೆ ನಿಂತು ಎಳೆದುಕೊಟ್ಟಳು, ಅವನು ಚುಚ್ಚಿದ. ಮಗಳಿಗೆ ಕಾಣದಂತೆ, ಕಳ್ಳತನದಲ್ಲಿ, ಹೀಗೆ ಎಷ್ಟೋ ದಿನ ನಡೆಯಿತು. ಅಷ್ಟೂ ದಿನ ಅವಳು ಮಗುವಿನ ಕಣ್ಣು ತಪ್ಪಿಸಿಯೇ ಓಡಾಡಿದಳು. ಅಡುಗೆಮನೆಯಲ್ಲಿ ಲಿಂಗಮ್ಮ ಏನಾದರೂ ಕೇಳಿದರೆ ತಡವಾಗಿ ಉತ್ತರಿಸುವಳು. ರೈಲು ಹಳಿಯ ಪಕ್ಕ ನಡೆಯುವಾಗ ಒಂದೆರಡು ಸಲ ಕಾಲು ತಾನೇ ನಿಂತಿತ್ತು ಎಂದು ಮುಂದೊಂದು ದಿನ ಅವಳೇ ಶಾಮಲಾರಿಗೆ ಹೇಳಿದಳು. ಆದರೆ ಔಷಧಿ ಎಳೆದುಕೊಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಪ್ರತಿ ಮಂಗಳವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗತೊಡಗಿದಳು. "ಮೊದಲಿಂದ ಹೇಳಿಕೊಡಿ ಸಿಸ್ಟರ್. ಅರ್ಥ ಆಗ್ದಿದ್ರೆ ಆಗ್ಲಿಲ್ಲ ಅಂತೀನಿ. ಈ ಸಲ ತಲೆ ಆಡಿಸಲ್ಲ." ಶಾಮಲಾ ಹೇಳಿಕೊಟ್ಟರು. ಡಾಕ್ಟರು ಊಟಕ್ಕೆ ತಕ್ಕಂತೆ ಔಷಧಿ ಬದಲಿಸುವ ಕ್ರಮಕ್ಕೆ ಹಾಕಿದರು: ಇಪ್ಪತ್ತು ಗ್ರಾಂ ಪಿಷ್ಟಕ್ಕೆ ಒಂದು ಯುನಿಟ್. ಒಂದು ಬಟ್ಟಲು ಅನ್ನದಲ್ಲಿ ನಲವತ್ತು, ಅಂದರೆ ಎರಡು. ಒಂದೂವರೆ ಬಟ್ಟಲಾದರೆ ಮೂರು. ತಲೆಗೆ ನೂರು ಗ್ರಾಂ ಅಕ್ಕಿ ಎಂದು ದಿನವೂ ಅಳೆದು ಹಾಕುವವಳಿಗೆ ಇದು ಹೊಸದಲ್ಲ ಎಂದು ಹೊಳೆದ ದಿನ ಅವಳಿಗೆ ಸಂತೋಷವಾಗಲಿಲ್ಲ. ಇಷ್ಟೇ ಇದ್ದದ್ದಾ? ಇಷ್ಟಕ್ಕೆ ಮಗಳನ್ನು ಕಳೆದುಕೊಳ್ಳುತ್ತಿದ್ದೆನಾ?

ಇಪ್ಪತ್ತಕ್ಕೆ ಒಂದು ಎಂಬುದು ಗಟ್ಟಿಯಾಗುವಷ್ಟರಲ್ಲಿ ಭೂಮಿಕಾಗೆ ಜ್ವರ ಬಂತು. ಲೆಕ್ಕ ಸರಿಯಾಗಿ ಹಾಕಿದರೂ ಸಕ್ಕರೆ ಮುನ್ನೂರು ದಾಟಿತು.

"ಜ್ವರ ಇದ್ದಾಗ ಪ್ರಮಾಣ ಬದಲಾಗುತ್ತಮ್ಮ. ಹದಿನೈದಕ್ಕೆ ಒಂದು ಮಾಡಿ, ಗಂಟೆ ಗಂಟೆಗೂ ನಂಗೆ ತಿಳಿಸ್ತಾ ಇರಿ," ಎಂದರು ಶಾಮಲಾ ಫೋನಿನಲ್ಲಿ. "ಬೆಳೆದಂಗೂ ಬದಲಾಗುತ್ತೆ. ದೊಡ್ಡೋಳಾದಾಗ ಮತ್ತೆ ಬದಲಾಗುತ್ತೆ."

"ಹಂಗಾದ್ರೆ ಒಂದು ಕಡೆ ನಿಲ್ಲಲ್ವಾ ಇದು?"

"ನಿಲ್ಲಲ್ಲ."

ಬಸವರಾಜೇಶ್ವರಿ ಫೋನನ್ನು ಕೆಳಗಿಟ್ಟಳು. ಗೋಡೆ ಕಟ್ಟುವ ಲೆಕ್ಕವಾದರೆ ಗೋಡೆ ಮುಗಿದ ದಿನ ಮುಗಿಯುತ್ತದೆ. ಗಂಜಿ ಅಳೆದು, ಹದಿನೈದರಿಂದ ಭಾಗಿಸಿದಳು. ಜಯಪ್ಪ ಬಾಡಿಗೆಗೆ ಹೋಗಿದ್ದ. ಮಗು ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ಸೂಜಿ ಹಿಡಿದು ಹತ್ತಿರ ಹೋದಾಗ ಭೂಮಿಕಾ ಕಣ್ಣು ತೆರೆದಳು. ಗೋಡೆಯ ಕಡೆ ಸರಿಯಲಿಲ್ಲ. ಸರಿಯುವ ಶಕ್ತಿಯೂ ಇರಲಿಲ್ಲ.

"ಬಾಟ್ಲಿ ತೋರ್ಸು," ಎಂದಳು.

ಬಸವರಾಜೇಶ್ವರಿ ಬಾಟಲಿಯನ್ನು ಅವಳ ಮುಖದ ಬಳಿ ಹಿಡಿದಳು. ಮಗು ತೊದಲುತ್ತ ಓದಿತು. "ನಲವತ್ತು. ಆ ಗೆರೆ ಏನು?"

"ಒಂದೊಂದು ಎಂ.ಎಲ್‌ಗೆ ಅಂತ ಪುಟ್ಟಿ."

"ಮುಚ್ಚಳ?"

"ಕೆಂಪು."

ಭೂಮಿಕಾ ತೋಳು ಚಾಚಿದಳು.

ಈಗ ಅವಳಿಗೆ ಹನ್ನೊಂದು. ತಿಂಗಳಾನುಗಟ್ಟಲೆ ಒಳ್ಳೆಯ ಅಂಕಿ ಬಂದು, ಒಂದೇ ವಾರದಲ್ಲಿ ಎಲ್ಲ ಕೆಟ್ಟು, ಮತ್ತೆರಡು ಸಲ ವಾರ್ಡು ಸೇರಿ ಬಂದಿದ್ದಾಳೆ. ಆ ಎರಡೂ ಸಲ ಲೆಕ್ಕ ಸರಿಯೇ ಇತ್ತು. ದಿನವೂ ಬೆಳಿಗ್ಗೆ ಅಮ್ಮ ಬಾಟಲಿ ತೋರಿಸಲೇಬೇಕು, ಮಗಳು ಓದಲೇಬೇಕು. ಮೊನ್ನೆ ಶಾಲೆಗೆ ಹೊತ್ತಾಯಿತೆಂದು ಬಸವರಾಜೇಶ್ವರಿ ತೋರಿಸದೆ ಸೂಜಿ ಎತ್ತಿದಳು. ಭೂಮಿಕಾ ತೋಳನ್ನು ಸರಕ್ಕನೆ ಹಿಂದೆಳೆದುಕೊಂಡಳು. ಆ ಕಣ್ಣಿನಲ್ಲಿ ಹಳೆಯ ಭಯ ಹಾಗೇ ಇತ್ತು. ತಾಯಿ ಬಯ್ಯಲಿಲ್ಲ. ಬಾಟಲಿ ತಿರುಗಿಸಿ ತೋರಿಸಿದಳು, ಮಗಳು ಓದಿ ಮುಗಿಸುವ ತನಕ ಕಾದಳು.

ಇಬ್ಬರೂ ಶಾಲೆಗೆ ಹೋದರು. ಹತ್ತು ದಾಟಿದ ಮೇಲೆ ಬಸವರಾಜೇಶ್ವರಿ ಅನ್ನ ಬಸಿಯುತ್ತಲೇ ಕಿಟಕಿಯಿಂದ ಅಂಗಳದಾಚೆಯ ಆರನೇ ತರಗತಿಯ ಬಾಗಿಲನ್ನು ನೋಡುತ್ತಿದ್ದಳು. ಯಾವ ಮಗು ನೀರಿಗೆಂದು ಹೊರಗೆ ಬಂದರೂ ಅವಳ ಕೈ ನಿಲ್ಲುತ್ತಿತ್ತು.

"ಗಂಜಿ ಚೆಲ್ತಾ ಇದೆ ನೋಡೇ," ಎಂದಳು ಲಿಂಗಮ್ಮ.

"ಹೂಂ," ಎಂದಳು, ಬಾಗಿಲಿನಿಂದ ಕಣ್ಣು ತೆಗೆಯದೆ.